ಹಳೆಯ ಸೀಮೆಗೆ ಹೊಸ ಹೆಸರು

ಎಸ್ತೇರಳ ಪುಸ್ತಕವನ್ನು ಓದುವವರು ಪಾರಸಿಯ ದೇಶವನ್ನು ಈಗಿನ ಭೂಪಟದಲ್ಲಿ ಹುಡುಕಿದರೆ ಕಾಣಲಾರರು. ಆ ದೇಶವು ಎಲ್ಲಿಗೂ ಹೋಗಲಿಲ್ಲ. ಈಗ ಅದಕ್ಕೆ ಇರಾನ್ ಎಂದು ಹೆಸರು. ಪಾರ್ಸ್ ಎಂಬದು ಅಲ್ಲಿಯ ದಕ್ಷಿಣ ಭಾಗದ ಒಂದು ಪ್ರಾಂತವು ಮಾತ್ರ. ಆ ಪ್ರಾಂತದ ಅರಸರು ಪ್ರಬಲರಾದ ಕಾರಣ ಗ್ರೀಕರು ಇಡೀ ರಾಜ್ಯವನ್ನೇ ಆ ಹೆಸರಿನಿಂದ ಕರೆದರು. ಒಳಗಿನವರಾದರೋ ಬಹುಕಾಲದಿಂದ ಇರಾನ್ ಎನ್ನುತ್ತಿದ್ದರು. ಪರರಾಜ್ಯದವರೂ ಹಾಗೆಯೇ ಕರೆಯಬೇಕೆಂದು ಅಲ್ಲಿಯ ಅರಸನು 1935ರಲ್ಲಿ ಕೇಳಿಕೊಂಡನು. ಅದೇ ಪುಸ್ತಕದ ಮೊದಲನೆಯ ವಚನದಲ್ಲಿ ನಮ್ಮ ದೇಶದ ಹೆಸರೂ ಉಂಟು. ಸಿಂಧೂ ನದಿಯ ಹೆಸರು ಪಾರಸಿಯರ ಬಾಯಲ್ಲಿ ಹಿಂದು ಎಂದಾಗಿ, ಇಬ್ರಿಯ ಮೂಲದಲ್ಲಿ ಹೋದ್ದು ಎಂದು ಬರೆಯಲ್ಪಟ್ಟಿತು.

ಇನ್ನು ಚಡಚಣದ ಸುತ್ತಲಿನ ನಮ್ಮ ಸೀಮೆಯನ್ನೇ ನೋಡೋಣ. ಸಾವಿರ ವರುಷಗಳ ಹಿಂದಿನ ಶಾಸನಗಳಲ್ಲಿ ಈ ಭಾಗಕ್ಕೆ ತರ್ದವಾಡಿ ಸಾಸಿರವೆಂಬ ಹೆಸರಿತ್ತು. ರಾಷ್ಟ್ರಕೂಟರ ಕೈಕೆಳಗೆ ಇದನ್ನು ಆಳುತ್ತಿದ್ದ ಚಾಲುಕ್ಯ ತೈಲಪನು 973ರಲ್ಲಿ ಒಡೆಯರನ್ನೇ ಕೆಡವಿ ತಾನು ಅರಸನಾದನು. ಅಷ್ಟು ದೊಡ್ಡ ನಾಡಿನ ಹೆಸರು ಈಗ ತದ್ದೇವಾಡಿ ಎಂಬ ಹಳ್ಳಿಯೊಂದರಲ್ಲಿ ಉಳಿದದೆ.

ಕರ್ನಾಟಕವೆಂಬ ಹೆಸರಿನ ಕಥೆಯು ಇದಕ್ಕಿಂತ ವಿಚಿತ್ರವಾದದ್ದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯ ವರೆಗೆ ಕನ್ನಡ ನಾಡೆಂದು ಹೇಳುತ್ತದೆ. ಮುಂದೆ ವಿಜಯನಗರದ ಅರಸರು ಕರ್ನಾಟಕದ ಅರಸರೆನಿಸಿದರು. 1565ರಲ್ಲಿ ಅವರು ಸೋತು ಪೆನುಗೊಂಡೆಗೂ ಚಂದ್ರಗಿರಿಗೂ ಸರಿದಾಗ, ಹೆಸರೂ ಅವರ ಸಂಗಡ ತೆಂಕಣಕ್ಕೆ ನಡೆಯಿತು. ಆದದರಿಂದಲೇ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರೂ ಫ್ರೆಂಚರೂ ಮಾಡಿದ ಕರ್ನಾಟಿಕ್ ಯುದ್ಧಗಳು ನಡೆದದ್ದು ಕನ್ನಡ ನಾಡಿನಲ್ಲಲ್ಲ, ಆರ್ಕಾಟಿನ ಕಡೆಯ ತಮಿಳು ಸೀಮೆಯಲ್ಲಿ. ಹೆಸರಿನ ಒಡೆಯರು ಹೆಸರಿಲ್ಲದವರಾಗಿ, ಮುಂಬಯಿ ಇಲಾಖೆ, ಮದ್ರಾಸು ಇಲಾಖೆ, ನಿಜಾಮನ ಸಂಸ್ಥಾನ, ಮೈಸೂರು ಸಂಸ್ಥಾನ ಎಂದು ಹಂಚಿಹೋದರು. ನಮ್ಮ ಪಾಲಿಗೆ ಬಂದದ್ದು ಮುಂಬಯಿ.

1956ನೆಯ ನವೆಂಬರ 1ರಂದು ಕನ್ನಡ ಸೀಮೆಗಳು ಕೂಡಿಬಂದವು. ಆದರೆ ಕೂಡಿದ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ನಿಂತಿತು. ಪಾರ್ಸ್ ಪ್ರಾಂತದ ಹೆಸರು ಇಡೀ ದೇಶಕ್ಕೆ ಬಂದ ಹಾಗೆಯೇ ಇದೂ ಆಯಿತು. ಮೈಸೂರಿನವರಿಗೆ ಅದು ಕೀರ್ತಿವಂತ ಸಂಸ್ಥಾನದ ಹೆಸರು, ಬಿಡಲು ಮನಸ್ಸು ಬಾರದ್ದು; ಇದನ್ನು ಅಲ್ಪವೆಂದು ಎಣಿಸಬಾರದು. ಆದರೂ ಆರುನೂರು ಕಿಲೋಮೀಟರಿಗಿಂತ ದೂರ, ಭೀಮಾ ತೀರದಲ್ಲಿರುವವನಿಗೆ ತಾನು ಮೈಸೂರಿನವನೆಂದು ಹೇಳಿಕೊಳ್ಳುವದು ಹೇಗೆ? ವಿಜಾಪುರದಲ್ಲಿ 1880ರಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ಕರ್ನಾಟಕವೆಂಬ ಹೆಸರಿಗಾಗಿಯೇ ಆಯುಷ್ಯವನ್ನು ಸವೆಸಿದರು. ಅವರು 1964ರಲ್ಲಿ ತೀರಿಕೊಂಡಾಗ ರಾಜ್ಯವು ಇನ್ನೂ ಮೈಸೂರೇ ಆಗಿತ್ತು. ಕಡೆಗೆ 1973ನೆಯ ನವೆಂಬರ 1ರಂದು ಹೆಸರು ಬದಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರು ಮೈಸೂರು ಸೀಮೆಯವರೇ ಆಗಿದ್ದರೆಂಬದನ್ನು ನಾವು ಮರೆಯಬಾರದು.

2014ರಲ್ಲಿ ಜಿಲ್ಲೆಯ ಹೆಸರೂ ವಿಜಯಪುರವಾಯಿತು. ಇದು ಹೊಸದಲ್ಲ, ಚಾಲುಕ್ಯರ ಕಾಲದ ಹೆಸರೇ ಮರಳಿ ಬಂದದ್ದು. ಬಳಿಕ ಚಡಚಣವು ಇಂಡಿಯಿಂದ ಬೇರೆಯಾಗಿ ತಾಲೂಕಾಯಿತು.

ಹೀಗಿರಲಾಗಿ, ಅಜ್ಜನ ಕಾಗದದಲ್ಲಿ ಮುಂಬಯಿ ಇಲಾಖೆ, ಇಂಡಿ ತಾಲೂಕು ಎಂದೂ, ಮಗನ ಉತಾರದಲ್ಲಿ ಕರ್ನಾಟಕ, ಚಡಚಣ ತಾಲೂಕು ಎಂದೂ ಇರುವದನ್ನು ಕಂಡು ಯಾರೂ ಗಾಬರಿಪಡಬೇಕಾಗಿಲ್ಲ. ಊರು, ಸರ್ವೆ ನಂಬರು, ಚಕ್ಕುಬಂದಿ ಇವು ಕೂಡಿಬಂದರೆ ಹೊಲವು ಅದೇ. ಹಳೆಯ ಕಾಗದವನ್ನು ಹರಿಯದೆ ಹೊಸದರ ಸಂಗಡ ಇಟ್ಟುಕೊಳ್ಳಿರಿ.