ಎರಡು ಗಿಟಾರುಗಳ ನಡುವೆ ಒಂದು ಚೀಟಿ ಹಣ

ಕುರಿಚಿಯ ಸಿಡ್ಕೊ ಕೈಗಾರಿಕಾ ವಸಾಹತಿಗೆ ಅಂಟಿಕೊಂಡಿರುವ ಬೀದಿಯೊಂದರಲ್ಲಿ, ಹೊರಗೆ ತಮಿಳನ್ನೂ ಒಳಗೆ ಕನ್ನಡವನ್ನೂ ಆಡುತ್ತ ಬಂದ ದೇವಾಂಗರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ, ಹಣ ಕೂಡಿಡುವ ಕ್ರಮವಾಗಿ ಮೊದಲು ಪರಿಚಯವಾದುದು ಬ್ಯಾಂಕಲ್ಲ, ಚೀಟಿ. ಮಗ್ಗದ ಕೂಲಿಯಲ್ಲಿ ಉಳಿಸಿ ಚೀಟಿ ಕಟ್ಟಿ ನನ್ನ ತಾಯಿ ಮನೆಗೆ ಹಂಚು ಹೊದಿಸಿದರು. ನಾನು ಪಂಪು ತಯಾರಿಸುವ ಕಾರ್ಖಾನೆಯೊಂದರ ಲೆಕ್ಕಪತ್ರದ ಮೇಜಿನಿಂದ ನಿವೃತ್ತನಾಗುವ ಹೊತ್ತಿಗೆ, ೨೦ ಜನರ, ತಿಂಗಳಿಗೆ ೨,೦೦೦ ರೂಪಾಯಿಯ ಚೀಟಿಯೊಂದನ್ನು ನಡುವೆ ಕೂಗದೆ ಕಡೆಯವರೆಗೂ ಕಟ್ಟಿ, ನಡೆಸುವವರ ಕಮಿಷನ್ ಶೇಕಡಾ ೫ ಕಳೆದು ೩೮,೦೦೦ ರೂಪಾಯಿಗಳನ್ನು ಕೈಗೆ ತೆಗೆದುಕೊಂಡೆನು. ಆ ಹಣ ಯಾವುದಕ್ಕೆಂಬುದು ಮೊದಲ ಕಂತು ಕಟ್ಟುವಾಗಲೇ ನಿಶ್ಚಯವಾಗಿತ್ತು: ಒಂದು ಎಲೆಕ್ಟ್ರಿಕ್ ಗಿಟಾರ್.

ಬಾಲ್ಯದಲ್ಲಿ ಪೋದನೂರಿನ ರೈಲ್ವೆ ಕಾಲನಿಯ ಆಂಗ್ಲೋ-ಇಂಡಿಯನ್ ಮನೆಗಳ ಮುಂದೆ ಸೈಕಲ್ ನಿಲ್ಲಿಸಿ, ಕಿಟಕಿಯಿಂದ ಹರಿದುಬರುತ್ತಿದ್ದ ತಂತಿಯ ನಾದವನ್ನು ಕತ್ತಲಾಗುವವರೆಗೆ ಕೇಳುತ್ತ ನಿಂತವನು ನಾನು. ಮುಂದೆ, ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕರಾದ ಜಿ.ಕೆ. ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿದ್ದ ಇಳಯರಾಜರು ೧೯೮೧ರಲ್ಲಿ ಶಂಕರ್ ನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದಾಗ, ನಮ್ಮ ಮನೆಯ ಎರಡು ಭಾಷೆಗಳೂ ಒಂದೇ ತಂತಿಯ ಮೇಲೆ ಕೂಡಿದಂತೆ ನನಗೆ ತೋರಿತು. ಅಂದು ಹುಟ್ಟಿದ ಆಸೆ, ಮಕ್ಕಳ ವಿದ್ಯಾಭ್ಯಾಸ, ತಂಗಿಯ ಮದುವೆ, ತಂದೆಯ ಚಿಕಿತ್ಸೆ ಇವೆಲ್ಲದರ ಹಿಂದೆ ಸರದಿಯಲ್ಲಿ ನಿಂತು ಕಾದಿತು.

ಅಂಗಡಿಯಲ್ಲಿ ಎರಡು ಆಕಾರಗಳು ಗೋಡೆಯಿಂದ ತೂಗುತ್ತಿದ್ದವು. ರೇಡಿಯೊ ರಿಪೇರಿ ಅಂಗಡಿ ನಡೆಸಿದ್ದ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ೧೯೫೪ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಮಾದರಿಯದು ಒಂದು. ೧೯೫೨ರಲ್ಲಿ ಗಿಬ್ಸನ್ ಸಂಸ್ಥೆ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿ ಹೊರತಂದ ಮಾದರಿಯದು ಮತ್ತೊಂದು. ಮೂಲ ತಯಾರಿಕೆಗಳ ಬೆಲೆ ನನ್ನಂಥವರ ಎಣಿಕೆಗೆ ಹೊರಗಿನದಾದುದರಿಂದ, ಅದೇ ಅಚ್ಚಿನಲ್ಲಿ ಮಾಡಿದ ಅಗ್ಗದ ಗಿಟಾರುಗಳನ್ನೇ ನಾನು ನೋಡಿದುದು: ಮೊದಲನೆಯದು ೧೯,೦೦೦, ಎರಡನೆಯದು ೩೧,೦೦೦ ರೂಪಾಯಿ. ಕಮಾನಿನಂತೆ ಉಬ್ಬಿದ ಎದೆ, ಹಣ್ಣಾದ ಹಲಸಿನ ಬಣ್ಣ, ತೊಡೆಯ ಮೇಲಿಟ್ಟರೆ ಮಗುವಿನಂತೆ ಒರಗುವ ಭಾರ, ಇವುಗಳಿಂದ ಎರಡನೆಯದು ನನ್ನ ಮನಸ್ಸನ್ನು ಸಂಪೂರ್ಣವಾಗಿ ಸೆಳೆದಿತ್ತು. ಮೇಲಾಗಿ, ತಂತಿಯ ನುಡಿಯುವ ಉದ್ದ ಸ್ಟ್ರಾಟಿನಲ್ಲಿ ೨೫.೫ ಅಂಗುಲವಾದರೆ ಲೆಸ್ ಪಾಲಿನಲ್ಲಿ ೨೪.೭೫, ಅದೇ ಶ್ರುತಿಗೆ ತಂತಿ ಕೊಂಚ ಸಡಿಲವಾಗಿರುವುದರಿಂದ, ಅರವತ್ತು ದಾಟಿದ ಬೆರಳುಗಳಿಗೆ ಅದು ನಿಜವಾದ ಉಪಕಾರ.

ಅವಸರಪಡದೆ, ಪರಿಚಿತರೊಬ್ಬರಿಂದ ಸ್ಟ್ರಾಟ್ ಮಾದರಿಯ ಹಳೆಯ ಗಿಟಾರೊಂದನ್ನೂ ಆಂಪ್ಲಿಫೈಯರಿನ ಪೆಟ್ಟಿಗೆಯನ್ನೂ ಎರವಲು ತಂದು ಮನೆಯಲ್ಲಿ ಜೋಡಿಸಿದೆನು. ತಂತಿ ಮುಟ್ಟುವ ಮೊದಲೇ ಪೆಟ್ಟಿಗೆಯೊಳಗಿಂದ ಜೇನುಹುಳುಗಳ ಮೊರೆತದಂಥ ಸದ್ದು. ಪಕ್ಕದ ಶೆಡ್ಡಿನಲ್ಲಿ ಲೇತ್ ಓಡಿದರೆ ಅದು ಇಮ್ಮಡಿ, ವೆಲ್ಡಿಂಗ್ ಹತ್ತಿದರೆ ಅದರ ಮೇಲೊಂದು ಕರಕರ. ಮೋಟಾರು ವೈಂಡಿಂಗಿನಲ್ಲಿ ಕೈ ಪಳಗಿದ ನನ್ನ ತಮ್ಮನನ್ನು ಕರೆದೆನು. ಅವನು ತಂತಿಗಳ ಕೆಳಗಿನ ಪಿಕಪ್ಪಿನ ಮುಚ್ಚಳ ತೆಗೆದು, ಕನ್ನಡಕ ಮೇಲೇರಿಸಿ, “ಅಣ್ಣಾ, ಇದು ನಾನು ದಿನಾ ಸುತ್ತೋ ಸುರುಳೀನೇ. ನೂಲು ಮಾತ್ರ ಸಣ್ಣದು” ಎಂದನು. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಅಯಸ್ಕಾಂತಗಳ ಸುತ್ತ ಸುಮಾರು ೮,೦೦೦ ಸುತ್ತು ಸುತ್ತಿದ ಈ ಸುರುಳಿ, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವಾಗ, ನಮ್ಮ ಬೀದಿಯ ಗಾಳಿಯಲ್ಲಿ ತುಂಬಿದ ೫೦ ಹರ್ಟ್ಸ್ ವಿದ್ಯುತ್ತಿನ ಮೊರೆತವನ್ನೂ ಆಂಟೆನಾದಂತೆ ಹಿಡಿದುಕೊಳ್ಳುತ್ತದೆ. ಗಿಬ್ಸನ್ನಿನ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಮಾಡಿದ ಪರಿಹಾರ, ೧೯೫೭ರಿಂದ ಲೆಸ್ ಪಾಲುಗಳಲ್ಲಿ ಬಂದ ಹಂಬಕರ್: ಅಯಸ್ಕಾಂತದ ವಿರುದ್ಧ ಧ್ರುವಗಳ ಮೇಲೆ ಸುತ್ತಿದ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿದರೆ, ಹೊರಗಿನ ಮೊರೆತ ಒಂದನ್ನೊಂದು ಅಳಿಸಿಕೊಂಡು, ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಇಷ್ಟು ತಿಳಿದ ಮೇಲೆ, ಮೋಟಾರುಗಳ ಊರಾದ ಕುರಿಚಿಯಲ್ಲಿ ವಾಸಿಸುವವನು ೧೨,೦೦೦ ರೂಪಾಯಿ ಹೆಚ್ಚು ಕೊಟ್ಟಾದರೂ ಎರಡನೆಯದನ್ನೇ ಕೊಳ್ಳಬೇಕೆಂದು ತೋರುವುದು ಸಹಜ. ನನಗೂ ಎರಡು ವಾರ ಹಾಗೆಯೇ ತೋರಿತು. ಆದರೆ ಲೆಕ್ಕ ಬರೆಯುವವನ ಅಭ್ಯಾಸಬಲದಿಂದ, ಕೊಳ್ಳುವ ದಿನದ ಬೆಲೆಯ ಕೆಳಗೆ ಮುಂದಿನ ಹತ್ತು ವರ್ಷಗಳ ವೆಚ್ಚವನ್ನೂ ಬರೆಯತೊಡಗಿದೆನು. ಲೆಸ್ ಪಾಲಿನ ಕತ್ತು ಒಡಲಿಗೆ ಅಂಟಿನಿಂದ ಬೆಸೆದದ್ದು. ತಲೆ ಹಿಂದಕ್ಕೆ ಬಾಗಿದ್ದು, ಬಾಗುವಲ್ಲಿಯೇ ಒಳಗಿನ ಉಕ್ಕಿನ ಸರಳಿಗಾಗಿ ಮರವನ್ನು ಕೊರೆದಿರುತ್ತಾರೆ. ನಿಂತದ್ದು ಜಾರಿ ಬಿದ್ದರೆ ಮುರಿಯುವುದು ಅಲ್ಲಿಯೇ. ಮೊಮ್ಮಕ್ಕಳು ಓಡಾಡುವ, ಎರಡೇ ಕೋಣೆಯ ಮನೆ ನನ್ನದು. ಸ್ಟ್ರಾಟಿನ ಕತ್ತನ್ನು ನಾಲ್ಕು ತಿರುಪುಗಳು ಹಿಡಿದಿರುತ್ತವೆ; ಸೊಟ್ಟಗಾದರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಸುರುಳಿ ಕಡಿದರೆ ತಮ್ಮ ಸುತ್ತಿಕೊಡುತ್ತಾನೆ.

ಮೊರೆತಕ್ಕೆ ಪರಿಹಾರವೂ ಸ್ಟ್ರಾಟಿನೊಳಗೇ ಇದ್ದಿತು. ೧೯೭೭ರಿಂದ ಅದಕ್ಕೆ ಬಂದ, ಪಿಕಪ್ಪುಗಳನ್ನು ಆರಿಸುವ ಸ್ವಿಚ್ಚಿಗೆ ಐದು ಸ್ಥಾನಗಳು. ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಎರಡೆರಡು ಪಿಕಪ್ಪುಗಳು ಕೂಡಿ ನುಡಿಯುತ್ತವೆ. ನಡುವಣ ಸುರುಳಿಯನ್ನು ತಿರುಗುಮುರುಗಾಗಿ ಸುತ್ತಿ, ಅಯಸ್ಕಾಂತವನ್ನೂ ತಿರುಗಿಸಿದ್ದರೆ, ಅಲ್ಲಿ ಹಂಬಕರಿನ ನ್ಯಾಯವೇ ನಡೆಯುತ್ತದೆ. ಎಲ್ಲ ತಯಾರಿಕೆಗಳಲ್ಲಿಯೂ ಹಾಗಿರುವುದಿಲ್ಲವಾದುದರಿಂದ, ಕೊಳ್ಳುವವರು ಅಂಗಡಿಯಲ್ಲಿಯೇ ಜೋಡಿಸಿ, ಸ್ವಿಚ್ಚನ್ನು ಒಂದರಿಂದ ಎರಡಕ್ಕೆ ಸರಿಸಿ, ಮೊರೆತ ಇಳಿಯುವುದೇ ಎಂದು ಕಿವಿಗೊಟ್ಟು ಕೇಳಬೇಕು. ಆ ಪರೀಕ್ಷೆಗೆ ಕಾಸು ಬೇಡ. ನಾನು ನೋಡಿದ ಮೊದಲ ಸ್ಟ್ರಾಟಿನಲ್ಲಿ ಇಳಿಯಲಿಲ್ಲ; ಇನ್ನೊಂದು ಸ್ಟ್ರಾಟಿನಲ್ಲಿ ಇಳಿಯಿತು.

ಕಡೆಗೆ ನನ್ನ ಪುಸ್ತಕದಲ್ಲಿ ಬರೆದ ಲೆಕ್ಕ ಇದು: ಗಿಟಾರಿಗೆ ೧೯,೦೦೦; ಆಂಪ್ಲಿಫೈಯರಿಗೆ ೧೧,೦೦೦; ಕೇಬಲು, ಒಂದು ಜೊತೆ ಹೆಚ್ಚಿನ ತಂತಿ, ಚೀಲ ಇವಕ್ಕೆ ೧,೭೦೦; ಮನೆಗೆ ಹೊಸದಾಗಿ ಇದ್ದಿಲು ಉಪ್ಪು ತುಂಬಿ ಹಾಕಿಸಿದ ಅರ್ಥಿಂಗಿಗೆ ೨,೮೦೦. ಈ ಕೊನೆಯ ಬಾಬತ್ತಿನಲ್ಲಿ ಜಿಪುಣತನ ಕೂಡದು. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ನೆಲಸಂಪರ್ಕಕ್ಕೇ ಸೇರಿರುವುದರಿಂದ, ಹಳೆಯ ವೈರಿಂಗಿನ ಮನೆಯಲ್ಲಿ ಅದು ಸರಿಯಿಲ್ಲದಿದ್ದರೆ ಅಪಾಯ ನುಡಿಸುವವನ ಬೆರಳಿಗೇ. ೩,೫೦೦ ರೂಪಾಯಿ ಉಳಿದು ಹೊಸ ಚೀಟಿಯ ಮೊದಲ ಕಂತಿಗೆ ಹೋಯಿತು. ೩೧,೦೦೦ದ ಗಿಟಾರನ್ನು ಕೊಂಡಿದ್ದರೆ ಉಳಿಯುತ್ತಿದ್ದ ೭,೦೦೦ದಲ್ಲಿ ಒಳ್ಳೆಯ ಆಂಪ್ಲಿಫೈಯರೂ ಅರ್ಥಿಂಗೂ ಎರಡೂ ಆಗುತ್ತಿರಲಿಲ್ಲ. ಅದರ ಹಲಸಿನ ಬಣ್ಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ ಎಂಬುದನ್ನೂ ಮರೆಮಾಚಲಾರೆ.

ಈಗ ಲೇತುಗಳು ಓಡುವ ಹೊತ್ತಿನಲ್ಲಿ ಎರಡನೆಯ ಸ್ಥಾನದಲ್ಲಿಯೋ ನಾಲ್ಕನೆಯದರಲ್ಲಿಯೋ ನುಡಿಸುತ್ತೇನೆ. ಭಾನುವಾರ ವಸಾಹತಿನ ಶೆಡ್ಡುಗಳೆಲ್ಲ ಬಾಗಿಲು ಹಾಕಿ, ಕುರಿಚಿ ಕೆರೆಯ ಕಡೆಯಿಂದ ಸಂಜೆಯ ಗಾಳಿ ಬೀಸುವಾಗ, ಸ್ವಿಚ್ಚನ್ನು ಕತ್ತಿನ ಪಕ್ಕದ ಒಂಟಿ ಪಿಕಪ್ಪಿಗೆ ಸರಿಸುತ್ತೇನೆ. ತಮ್ಮನೂ ಬಂದು ಬಾಗಿಲ ಬಳಿ ಕುಳಿತುಕೊಳ್ಳುತ್ತಾನೆ.