ಸಾಂಕ್ರಾಮಿಕ ರೋಗದ ಕಾಲದಲ್ಲಿ ನಗರದ ಅಗತ್ಯ ಸೇವಾ ಕಾರ್ಮಿಕರ ಹೆಚ್ಚುವರಿ ವೇತನ: ಹಕ್ಕು ಯಾವುದು, ಘೋಷಣೆ ಯಾವುದು?

ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿಯಲ್ಲಿ ಸರ್ಕಾರವು ನಾಗರಿಕರಿಗೆ ಮನೆಯಲ್ಲೇ ಇರುವಂತೆ ಆದೇಶಿಸುತ್ತದೆ; ಅದೇ ಹೊತ್ತಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಕಸದ ಆಟೋ ಚಾಲಕರು ಮತ್ತು ಸಹಾಯಕರು, ನೀರು ಬಿಡುವ ವಾಲ್ವ್‌ಮನ್‌ಗಳು, ಆಂಬುಲೆನ್ಸ್ ಮತ್ತು ಚಿತಾಗಾರದ ಸಿಬ್ಬಂದಿ, ಮನೆಮನೆ ಸಮೀಕ್ಷೆಗೆ ಹೋಗುವ ಆಶಾ ಕಾರ್ಯಕರ್ತೆಯರು ಕೆಲಸಕ್ಕೆ ಬರಲೇಬೇಕೆಂದೂ ಆದೇಶಿಸುತ್ತದೆ. ಇಂತಹ ಕಾಲದಲ್ಲಿ ಸಾಮಾನ್ಯ ವೇತನದ ಮೇಲೆ, ಕೆಲಸದ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡು ನೀಡುವ ಹೆಚ್ಚಿನ ಮೊತ್ತವನ್ನು ಅಪಾಯ ಭತ್ಯೆ, ವಿಶೇಷ ಪ್ರೋತ್ಸಾಹಧನ ಅಥವಾ ಹೆಚ್ಚುವರಿ ವೇತನವೆಂದು ಕರೆಯಲಾಗುತ್ತದೆ. ಕೋವಿಡ್ ಕಾಲದಲ್ಲಿ ಈ ಮೂರೂ ಹೆಸರುಗಳು ಕರ್ನಾಟಕದಲ್ಲಿ ಕೇಳಿಬಂದವು. ಆದರೆ ಅವುಗಳಲ್ಲಿ ಯಾವುದನ್ನು ಹಕ್ಕಾಗಿ ಕೇಳಿ ಪಡೆಯಬಹುದು, ಯಾವುದು ಸರ್ಕಾರದ ಇಚ್ಛೆಗೆ ಬಿಟ್ಟದ್ದು ಎಂಬ ತಿಳಿವಳಿಕೆ ಕಾರ್ಮಿಕರಿಗೂ ಅವರ ಸಂಘಗಳಿಗೂ ಇನ್ನೂ ಸಾಕಷ್ಟು ತಲುಪಿಲ್ಲ.

ಕಾನೂನು ಎಲ್ಲಿ ಮೌನವಾಗಿದೆ

ಭಾರತದಲ್ಲಿ ಸಾಂಕ್ರಾಮಿಕ ಕಾಲದ ಕೆಲಸಕ್ಕೆ ಇಂತಿಷ್ಟು ಹೆಚ್ಚುವರಿ ವೇತನ ಕೊಡಲೇಬೇಕೆಂದು ವಿಧಿಸುವ ಶಾಶ್ವತ ಶಾಸನವಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಮೂರು ತಿಂಗಳಿಂದ ಐದು ವರ್ಷಗಳವರೆಗೆ, ತೀವ್ರ ಗಾಯವಾದಲ್ಲಿ ಆರು ತಿಂಗಳಿಂದ ಏಳು ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಪಡಿಸಿತಾದರೂ ವೇತನದ ವಿಚಾರವನ್ನು ಮುಟ್ಟಲಿಲ್ಲ. ಲಾಕ್‌ಡೌನ್‌ಗೆ ಆಧಾರವಾದ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಮು ತುರ್ತು ಕಾರ್ಯಕ್ಕೆ ಸಂಪನ್ಮೂಲ, ಕಟ್ಟಡ ಮತ್ತು ವಾಹನಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಕೊಡುತ್ತದೆ, ಮತ್ತು 66ನೇ ಕಲಮು ಕಟ್ಟಡದ ಮಾಲೀಕರಿಗೂ ವಾಹನದ ಮಾಲೀಕರಿಗೂ ಪರಿಹಾರವನ್ನು ಹೇಗೆ ನಿಗದಿಪಡಿಸಬೇಕೆಂದು ಹೇಳುತ್ತದೆ. ಆದರೆ ಅದೇ ವಾಹನದ ಹಿಂಬದಿಯಲ್ಲಿ ನಿಂತು ಸೋಂಕಿತರ ಮನೆಯ ಕಸವನ್ನು ತುಂಬಿಕೊಳ್ಳುವ ಕಾರ್ಮಿಕರಿಗೆ ಹೆಚ್ಚುವರಿಯಾಗಿ ಏನು ಸಲ್ಲಬೇಕೆಂಬ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ‘ಎಸ್ಮಾ’ ಎಂದು ಪರಿಚಿತವಾಗಿರುವ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆಯು ಅಗತ್ಯ ಸೇವೆಯಲ್ಲಿರುವವರ ಮುಷ್ಕರವನ್ನು ನಿಷೇಧಿಸಲು ಸರ್ಕಾರಕ್ಕೆ ಅವಕಾಶ ನೀಡುತ್ತದೆಯೇ ಹೊರತು ಆ ನಿರ್ಬಂಧಕ್ಕೆ ಪ್ರತಿಯಾಗಿ ಯಾವ ಭತ್ಯೆಯನ್ನೂ ಖಾತರಿಪಡಿಸುವುದಿಲ್ಲ.

ಈ ಮೌನದಿಂದಾಗಿ ಹೆಚ್ಚುವರಿ ವೇತನವು ಆಯಾ ಕಾಲದ ಆದೇಶಗಳ ಮೂಲಕವೇ ಬಂದಿದೆ. ಆಶಾ ಕಾರ್ಯಕರ್ತೆಯರಿಗೆ ಕೋವಿಡ್ ಕೆಲಸಕ್ಕಾಗಿ ಕೇಂದ್ರದಿಂದ ತಿಂಗಳಿಗೆ 1,000 ರೂಪಾಯಿಗಳ ಪ್ರೋತ್ಸಾಹಧನ ದೊರೆಯಿತು. ಕರ್ನಾಟಕದಲ್ಲಿ 2020ರಲ್ಲಿ ಸಹಕಾರ ಸಂಸ್ಥೆಗಳ ಮೂಲಕ ತಲಾ 3,000 ರೂಪಾಯಿ ನೀಡುವ ಕ್ರಮವೂ ನಡೆಯಿತು. 2020ರ ಮಾರ್ಚ್‌ನಲ್ಲಿ ಪ್ರಕಟವಾದ ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ವಿಮಾ ಯೋಜನೆಯು ಮೃತರ ಕುಟುಂಬಕ್ಕೆ 50 ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಿತಾದರೂ, ಅದು ರೋಗಿಗಳ ಸಂಪರ್ಕ ಮತ್ತು ಆರೈಕೆಯಲ್ಲಿ ತೊಡಗಿದ ಆರೋಗ್ಯ ಕಾರ್ಯಕರ್ತರನ್ನು ಉದ್ದೇಶಿಸಿದ್ದರಿಂದ ಬೀದಿ ಗುಡಿಸುವವರು ಅದರ ವ್ಯಾಪ್ತಿಗೆ ಸಹಜವಾಗಿ ಒಳಪಡಲಿಲ್ಲ. 2021ರಲ್ಲಿ ರಾಜ್ಯದ ರೆಸಿಡೆಂಟ್ ವೈದ್ಯರಿಗೆ ತಿಂಗಳಿಗೆ 10,000 ರೂಪಾಯಿಗಳ ಕೋವಿಡ್ ಅಪಾಯ ಭತ್ಯೆ ಘೋಷಣೆಯಾಯಿತು, ಮತ್ತು ಅದು ಕೈಸೇರಲಿಲ್ಲವೆಂದು ಅದೇ ವರ್ಷದ ಕೊನೆಯಲ್ಲಿ ಅವರು ಮುಷ್ಕರಕ್ಕೆ ಇಳಿಯಬೇಕಾಯಿತು. ಓದು ಬರಹ ಮತ್ತು ಸಂಘಟನೆಯ ಬಲವಿದ್ದ ವೈದ್ಯರಿಗೇ ಹೀಗಾದರೆ, ಹಾಜರಾತಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ಕಾರ್ಮಿಕರ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಆದೇಶವಿಲ್ಲದಿದ್ದರೂ ಇರುವ ಹಕ್ಕುಗಳು

ವಿಶೇಷ ಭತ್ಯೆಯ ಆದೇಶ ಹೊರಡದಿದ್ದರೂ ಕೆಲವು ಹಕ್ಕುಗಳು ಶಾಸನದಿಂದಲೇ ಬಂದಿರುತ್ತವೆ, ಮತ್ತು ಕೇಳಬೇಕಾದವುಗಳಲ್ಲಿ ಅವೇ ಮೊದಲಿನವು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ 14ನೇ ಕಲಮಿನ ಪ್ರಕಾರ, ಕನಿಷ್ಠ ವೇತನ ನಿಗದಿಯಾಗಿರುವ ಉದ್ಯೋಗಿಯು ಸಾಮಾನ್ಯ ಕೆಲಸದ ದಿನದ ಅವಧಿಯನ್ನು ಮೀರಿ ದುಡಿದಾಗ ಹೆಚ್ಚಿನ ಪ್ರತಿ ಗಂಟೆಗೂ ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದ ಕೂಲಿ ಸಲ್ಲಬೇಕು. ಇದನ್ನೇ ಓವರ್‌ಟೈಮ್ ಎನ್ನುತ್ತಾರೆ. ಉದಾಹರಣೆಗೆ, ಎಂಟು ಗಂಟೆಗಳ ದಿನಕ್ಕೆ 600 ರೂಪಾಯಿ ಪಡೆಯುವವರ ಗಂಟೆಯ ದರ 75 ರೂಪಾಯಿ; ಸೋಂಕು ನಿವಾರಕ ಸಿಂಪಡಿಸಲೆಂದು ಅವರನ್ನು ದಿನವೂ ಎರಡು ಗಂಟೆ ಹೆಚ್ಚು ಇರಿಸಿಕೊಂಡರೆ ಆ ಎರಡು ಗಂಟೆಗಳಿಗೆ 300 ರೂಪಾಯಿ ಸಲ್ಲಬೇಕು, ಅಂದರೆ 26 ದಿನಗಳ ತಿಂಗಳಿಗೆ 7,800 ರೂಪಾಯಿ. ಯಾವ ಮಂತ್ರಿಯ ಘೋಷಣೆಯೂ ಬೇಡದ ಈ ಮೊತ್ತವು, ಘೋಷಿತವಾದ ಅನೇಕ ಪ್ರೋತ್ಸಾಹಧನಗಳಿಗಿಂತ ದೊಡ್ಡದು.

ರೋಗದ ನೆಪದಲ್ಲಿ ಈ ಹಕ್ಕನ್ನು ಕಿತ್ತುಕೊಳ್ಳಲಾಗದೆಂಬುದನ್ನು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗುಜರಾತ್ ಸರ್ಕಾರವು 2020ರ ಏಪ್ರಿಲ್‌ನಲ್ಲಿ ಅಧಿಸೂಚನೆಯ ಮೂಲಕ ಕಾರ್ಖಾನೆಗಳಲ್ಲಿ 12 ಗಂಟೆಗಳ ದುಡಿಮೆಗೆ ಅವಕಾಶ ನೀಡಿ, ಹೆಚ್ಚಿನ ಗಂಟೆಗಳಿಗೆ ಎರಡು ಪಟ್ಟಿನ ಬದಲು ಸಾಮಾನ್ಯ ದರವನ್ನೇ ಕೊಟ್ಟರೆ ಸಾಕೆಂದಾಗ, ಗುಜರಾತ್ ಮಜ್ದೂರ್ ಸಭಾ ಪ್ರಕರಣದಲ್ಲಿ 2020ರ ಅಕ್ಟೋಬರ್ 1ರಂದು ನ್ಯಾಯಾಲಯವು ಆ ಅಧಿಸೂಚನೆಗಳನ್ನು ರದ್ದುಪಡಿಸಿತು. ಸಾಂಕ್ರಾಮಿಕವು ತಂದ ಆರ್ಥಿಕ ಸಂಕಷ್ಟವು ಕಾರ್ಖಾನೆ ಕಾಯ್ದೆ ಹೇಳುವ, ದೇಶದ ಭದ್ರತೆಗೆ ಧಕ್ಕೆ ತರುವಂತಹ ‘ಸಾರ್ವಜನಿಕ ತುರ್ತುಸ್ಥಿತಿ’ ಆಗುವುದಿಲ್ಲವೆಂದು ಹೇಳಿ, ಸಂವಿಧಾನದ 142ನೇ ವಿಧಿಯಡಿ ಓವರ್‌ಟೈಮ್ ವೇತನವನ್ನು ಪಾವತಿಸಲು ಆದೇಶಿಸಿತು. ಆ ತೀರ್ಪು ಕಾರ್ಖಾನೆಗಳಿಗೆ ಸಂಬಂಧಿಸಿದ್ದಾದರೂ, ಸಂಕಟದ ಹೊರೆಯನ್ನು ದುಡಿಯುವವರ ಹೆಗಲ ಮೇಲಷ್ಟೇ ಹೊರಿಸಬಾರದೆಂಬ ಅದರ ತತ್ತ್ವ ನಗರಾಡಳಿತಕ್ಕೂ ಅನ್ವಯಿಸುವಂಥದ್ದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ತೀರ್ಪಾಗಿದೆ.

ಎರಡನೆಯ ಹಕ್ಕು ರಕ್ಷಣಾ ಸಾಮಗ್ರಿಗೆ ಸಂಬಂಧಿಸಿದ್ದು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆಯು ಅಪಾಯಮುಕ್ತ ಕೆಲಸದ ಸ್ಥಳವನ್ನು ಒದಗಿಸುವ ಹೊಣೆಯನ್ನು ನಿಯೋಜಕರ ಮೇಲೆ ಹೊರಿಸಿದೆ. ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ, ವೈದ್ಯಕೀಯ ತಪಾಸಣೆಗೂ ಸಹ, ಉದ್ಯೋಗಿಯಿಂದ ಹಣ ಪಡೆಯುವಂತಿಲ್ಲ. ಕೈಗವಸು ಮುಖಗವಸುಗಳ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಂಡರೆ, ಅಥವಾ ಭತ್ಯೆ ಕೊಟ್ಟಿರುವುದರಿಂದ ಸಾಮಗ್ರಿಯನ್ನು ತಾವೇ ಕೊಳ್ಳಬೇಕೆಂದು ಹೇಳಿದರೆ, ಅದಕ್ಕೆ ಕಾನೂನಿನ ಬೆಂಬಲವಿಲ್ಲ. ಅಪಾಯಕ್ಕೆ ಕೊಡುವ ಹಣವು ಅಪಾಯವನ್ನು ತಗ್ಗಿಸುವ ಕರ್ತವ್ಯಕ್ಕೆ ಬದಲಿಯಾಗಲಾರದು.

ಮೂರನೆಯದು ಸೋಂಕು ತಗುಲಿದಾಗಿನ ಪರಿಹಾರ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿರುವ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ, ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗುಲುವ ಸಾಂಕ್ರಾಮಿಕ ರೋಗಗಳೂ ಇವೆ. ಅಂತಹ ಕೆಲಸದಲ್ಲಿದ್ದವರಿಗೆ ರೋಗ ಬಂದಾಗ, ಬೇರೆ ರೀತಿ ರುಜುವಾತಾಗದ ಹೊರತು, ಅದನ್ನು ಕೆಲಸದಿಂದಲೇ ಉಂಟಾದ ಅಪಘಾತವೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಕಾರ್ಮಿಕರನ್ನು ಸೋಂಕಿತರ ಮನೆಗೆ, ಕ್ವಾರಂಟೈನ್ ಕೇಂದ್ರಕ್ಕೆ ಅಥವಾ ಚಿತಾಗಾರಕ್ಕೆ ನಿಯೋಜಿಸಿದ ಲಿಖಿತ ಆದೇಶ, ಪರೀಕ್ಷಾ ವರದಿ ಮತ್ತು ಆಸ್ಪತ್ರೆಯ ದಾಖಲೆಗಳು ಬಹಳ ಮುಖ್ಯವಾಗುತ್ತವೆ. ಪರಿಹಾರದ ಅರ್ಜಿಯನ್ನು ಎರಡು ವರ್ಷಗಳೊಳಗೆ ಸಲ್ಲಿಸಬೇಕು.

ಯಾರಿಗೆ ಯಾವ ದಾರಿ

ಕಾರ್ಮಿಕರ ನೇಮಕದ ಸ್ವರೂಪವು ಪರಿಹಾರದ ದಾರಿಯನ್ನು ನಿರ್ಧರಿಸುತ್ತದೆ. ಕಾಯಂ ಪೌರಕಾರ್ಮಿಕರಿಗೆ ಸೇವಾ ನಿಯಮಗಳು ಮತ್ತು ಸರ್ಕಾರಿ ಆದೇಶಗಳು ಆಧಾರವಾಗುತ್ತವೆ. ಸ್ಥಳೀಯ ಸಂಸ್ಥೆಯೇ ಬ್ಯಾಂಕ್ ಖಾತೆಗೆ ಸಂಬಳ ಹಾಕುವ ನೇರ ಪಾವತಿಯ ಕಾರ್ಮಿಕರು ಆ ಸಂಸ್ಥೆಯನ್ನೇ ನಿಯೋಜಕನೆಂದು ಹೆಸರಿಸಬಹುದು. ಗುತ್ತಿಗೆಯ ಚಾಲಕರು ಮತ್ತು ಸಹಾಯಕರ ವಿಷಯದಲ್ಲಿ, ಗುತ್ತಿಗೆದಾರ ವೇತನ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ನಿಯೋಜಕ ಅದನ್ನು ಭರಿಸಿ, ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಆದುದರಿಂದ ಗುತ್ತಿಗೆದಾರನನ್ನೇ ಕೇಳಿಕೊಳ್ಳಿ ಎಂಬ ಉತ್ತರಕ್ಕೆ ತಲೆಬಾಗಬೇಕಿಲ್ಲ. ಆಶಾ ಕಾರ್ಯಕರ್ತೆಯರನ್ನು ಸರ್ಕಾರವು ಗೌರವ ಕಾರ್ಯಕರ್ತೆಯರೆಂದು ಪರಿಗಣಿಸುವುದರಿಂದ ಅವರಿಗೆ ವೇತನ ಸಂಹಿತೆಯ ದಾರಿ ಸುಗಮವಲ್ಲ. ಪ್ರೋತ್ಸಾಹಧನದ ಆದೇಶವನ್ನು ಆಧರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಲಿಖಿತ ಮನವಿ ನೀಡಿ, ಫಲಿಸದಿದ್ದರೆ ಹೈಕೋರ್ಟ್ ಮೊರೆ ಹೋಗುವುದು ಅವರಿಗೆ ಉಳಿಯುವ ದಾರಿ.

ಕೇಳುವ ಕ್ರಮ

ಮೊದಲ ಹೆಜ್ಜೆ ದಾಖಲೆ. ಬೆಳಗಿನ ಜಾವ ಮಸ್ಟರಿಂಗ್ ಕೇಂದ್ರದಲ್ಲಿ ಹಾಕುವ ಹಾಜರಿಯು ಕಾರ್ಮಿಕರು ಬಂದ ಹೊತ್ತನ್ನು ತೋರಿಸುತ್ತದೆಯಾದರೂ, ಮೇಸ್ತ್ರಿಯ ಬಾಯಿಮಾತಿನ ಮೇಲೆ ಮಧ್ಯಾಹ್ನದ ನಂತರ ಮಾಡಿದ ಕೆಲಸ ಎಷ್ಟೋ ಬಾರಿ ಎಲ್ಲಿಯೂ ದಾಖಲಾಗುವುದಿಲ್ಲ. ಆದುದರಿಂದ ದಿನಾಂಕ, ವಾರ್ಡ್, ಕೆಲಸ ಆರಂಭಿಸಿದ ಮತ್ತು ಮುಗಿಸಿದ ಹೊತ್ತು, ಆದೇಶಿಸಿದವರ ಹುದ್ದೆ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು, ನಿಯೋಜನೆಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇರಿಸಿಕೊಳ್ಳುವುದು, ಪ್ರತಿ ತಿಂಗಳೂ ವೇತನ ಚೀಟಿಯನ್ನು ಕೇಳಿ ಪಡೆಯುವುದು ಅಗತ್ಯ. ವೇತನ ಚೀಟಿ ನೀಡುವುದು ನಿಯೋಜಕರ ಶಾಸನಬದ್ಧ ಕರ್ತವ್ಯವಾಗಿದೆ.

ಎರಡನೆಯ ಹೆಜ್ಜೆ ಆದೇಶದ ಪ್ರತಿಯನ್ನು ಪಡೆಯುವುದು. ಪತ್ರಿಕೆಯಲ್ಲಿ ಬಂದ ಘೋಷಣೆ ಹಕ್ಕಿಗೆ ಗಟ್ಟಿಯಾದ ಆಧಾರವಲ್ಲ. ಸಂಖ್ಯೆ ಮತ್ತು ದಿನಾಂಕವುಳ್ಳ ಸರ್ಕಾರಿ ಆದೇಶ, ಅದರಲ್ಲಿ ಹೆಸರಿಸಿದ ಫಲಾನುಭವಿಗಳು, ಅವಧಿ ಮತ್ತು ಹಣದ ಮೂಲ ತಿಳಿದಿರಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ ಆದೇಶದ ಪ್ರತಿ, ಹಣ ಬಿಡುಗಡೆಯ ಪತ್ರ ಮತ್ತು ಹಾಜರಾತಿ ದಾಖಲೆಗಳನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

ಮೂರನೆಯ ಹೆಜ್ಜೆ ಲಿಖಿತ ಬೇಡಿಕೆ. ಬಾಕಿಯ ಲೆಕ್ಕವನ್ನು ತಿಂಗಳುವಾರು ತೋರಿಸಿದ ಮನವಿಯನ್ನು ಪಾಲಿಕೆಯ ಆಯುಕ್ತರಿಗೆ ಅಥವಾ ಪುರಸಭೆಯ ಮುಖ್ಯಾಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಬದಲು ಐದು ನಗರ ಪಾಲಿಕೆಗಳು ಇರುವುದರಿಂದ ತಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ನಾಲ್ಕನೆಯದು ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಕ್ಲೇಮು ಹೂಡುವುದು. ವೇತನ ಸಂಹಿತೆಯ 45ನೇ ಕಲಮಿನಡಿ ಉದ್ಯೋಗಿಯಾಗಲಿ ನೋಂದಾಯಿತ ಕಾರ್ಮಿಕ ಸಂಘವಾಗಲಿ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬಹುದು. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಈ ಅವಧಿ ಆರು ತಿಂಗಳಾಗಿತ್ತು. ಪ್ರಾಧಿಕಾರವು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು, ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು, ಮತ್ತು ಹಣ ಪಾವತಿಯಾಗದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ವೇತನ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆ ನಿಯೋಜಕನದು. ಕೊಟ್ಟಿಲ್ಲವೆಂದು ಸಾಬೀತುಪಡಿಸುವ ಹೊಣೆ ಕಾರ್ಮಿಕರ ಮೇಲಿಲ್ಲ.

ಕೊನೆಯ ದಾರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವುದು. ಹೊಸ ಭತ್ಯೆಯೊಂದನ್ನು ಸೃಷ್ಟಿಸುವಂತೆ ನ್ಯಾಯಾಲಯವನ್ನು ಕೋರುವುದು ಕಷ್ಟಸಾಧ್ಯ, ಏಕೆಂದರೆ ಅದು ನೀತಿಯ ವಿಷಯ. ಆದರೆ ಹೊರಡಿಸಿದ ಆದೇಶವನ್ನು ಪಾಲಿಸುವಂತೆ, ಅಥವಾ ಒಂದೇ ಕೆಲಸ ಮಾಡಿದವರಲ್ಲಿ ಕೆಲವರನ್ನು ಮಾತ್ರ ಹೊರಗಿಟ್ಟ ತಾರತಮ್ಯವನ್ನು ಸರಿಪಡಿಸುವಂತೆ ಕೋರಲು ಗಟ್ಟಿಯಾದ ನೆಲೆಯಿದೆ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಪೌರಕಾರ್ಮಿಕರಲ್ಲಿ ಹೆಚ್ಚಿನವರು ಈ ವರ್ಗಗಳಿಗೆ ಸೇರಿದವರು. ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ, ಇಲ್ಲವೇ 15100 ಸಹಾಯವಾಣಿಯಲ್ಲಿ ಈ ನೆರವನ್ನು ಕೋರಬಹುದು.

ಶಾಸನವಾಗಬೇಕಾದದ್ದು

ಹೆಚ್ಚುವರಿ ವೇತನವನ್ನು ಶಾಸನದ ಭಾಷೆಯಲ್ಲಿ ಬರೆಯುವುದು ಅಸಾಧ್ಯವೇನಲ್ಲ. ಅಮೆರಿಕವು 2021ರ ಮಾರ್ಚ್‌ನಲ್ಲಿ ಅಂಗೀಕರಿಸಿದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯು, ಅಗತ್ಯ ಕಾರ್ಮಿಕರಿಗೆ ಸಾಮಾನ್ಯ ವೇತನದ ಮೇಲೆ ಗಂಟೆಗೆ 13 ಡಾಲರ್‌ಗಳವರೆಗೆ, ಒಬ್ಬರಿಗೆ ಒಟ್ಟು 25,000 ಡಾಲರ್‌ಗಳನ್ನು ಮೀರದಂತೆ, ಕೇಂದ್ರದ ನಿಧಿಯಿಂದ ಪಾವತಿಸಲು ರಾಜ್ಯಗಳಿಗೂ ನಗರಗಳಿಗೂ ಅವಕಾಶ ನೀಡಿತು. ಅಲ್ಲಿಯೂ ಅದು ನಗರಾಡಳಿತದ ಆಯ್ಕೆಯಾಗಿತ್ತೇ ಹೊರತು ಕಾರ್ಮಿಕರ ಹಕ್ಕಾಗಿರಲಿಲ್ಲ. ಆದರೂ ಯಾರಿಗೆ, ಎಷ್ಟು, ಯಾವ ಹಣದಿಂದ ಎಂಬ ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿತ್ತು.

ಕರ್ನಾಟಕದಲ್ಲಿಯೂ ಆ ಉತ್ತರ ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಸಿದ್ಧವಾಗಬೇಕು. ರಾಜ್ಯದ 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ಅಗತ್ಯ ಸೇವೆಯೆಂದು ಘೋಷಿಸಿದ ದಿನದಿಂದಲೇ ಅಪಾಯ ಭತ್ಯೆ ಆರಂಭವಾಗುವಂತೆ, ಕಾಯಂ, ನೇರ ಪಾವತಿ, ಗುತ್ತಿಗೆ ಎಂಬ ಭೇದವಿಲ್ಲದೆ ಅದು ಎಲ್ಲರಿಗೂ ಸಲ್ಲುವಂತೆ ನಿಯಮ ರೂಪಿಸಬೇಕು. ಅಲ್ಲಿಯವರೆಗೆ ಕಾರ್ಮಿಕ ಸಂಘಗಳು ಓವರ್‌ಟೈಮ್ ಮತ್ತು ರಕ್ಷಣಾ ಸಾಮಗ್ರಿಯ ಹಕ್ಕುಗಳನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು, ಮತ್ತು ಯಾವ ಭತ್ಯೆ ಘೋಷಣೆಯಾದರೂ ಅದರ ಲಿಖಿತ ಆದೇಶ ಕೈಗೆ ಬರುವವರೆಗೆ ಬೆನ್ನು ಬಿಡಬಾರದು.