ಗುಜರಿಗೆ ಹೋದ ನಾಲ್ಕು ಘನ ಅಡಿ ತೇಗ

ಬಳಸಿ ಬೇಸರವಾದ ಪೀಠೋಪಕರಣಕ್ಕೆ ಎರಡು ಬೆಲೆಗಳಿರುತ್ತವೆ: ಮಂಚವನ್ನು ಮಂಚವೆಂದೇ ಕೊಳ್ಳುವವನು ಕೊಡುವ ಬೆಲೆ ಒಂದು, ಅದನ್ನು ಬಿಚ್ಚಿದಾಗ ಕೈಗೆ ಸಿಗುವ ಮರದ ಬೆಲೆ ಇನ್ನೊಂದು. ಮೊದಲನೆಯದು ವರ್ಷ ಕಳೆದಂತೆ ಇಳಿಯುತ್ತದೆ, ಲೆಕ್ಕಶಾಸ್ತ್ರ ಇದನ್ನು ಸವಕಳಿ ಎನ್ನುತ್ತದೆ. ಎರಡನೆಯದು ತೇಗ, ಬೀಟೆ, ಹೊನ್ನೆಯಂಥ ಮರಗಳಲ್ಲಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಏಕೆಂದರೆ ಚೇಗು, ಅಂದರೆ ಕಾಂಡದ ನಡುವಿನ ಬಲಿತ ಗಟ್ಟಿ ಭಾಗ, ದಶಕಗಳ ಕಾಲ ಮನೆಯೊಳಗೇ ಒಣಗಿ ಹದಗೊಂಡಿರುತ್ತದೆ. ಶಿವಮೊಗ್ಗದ ವಿನೋಬನಗರದ ಅಡ್ಡರಸ್ತೆಗಳಲ್ಲಿ ಕೂಗುತ್ತ ಬರುವ ಗುಜರಿಯವನು ಕೊಡುವುದು ಮೊದಲನೆಯ ಬೆಲೆಯನ್ನು, ಪಡೆಯುವುದು ಎರಡನೆಯದನ್ನು.

2018ರಲ್ಲಿ ಪ್ರಸ್ತುತ ಅಂಕಣಕಾರನ ಮನೆಯಿಂದ ತೇಗದ ಮಂಚವೊಂದು 2,000 ರೂಪಾಯಿಗೆ ಹೊರಟುಹೋದದ್ದು ಈ ವ್ಯತ್ಯಾಸವನ್ನು ಅರಿಯದೆ. ಮರದ ಅಡ್ಡೆಗಳಲ್ಲಿ ಸಿಎಫ್‌ಟಿ ಎಂದೇ ಕರೆಯುವ ಘನ ಅಡಿ ಇಲ್ಲಿನ ಅಳತೆ. ಅಗಲ ಮತ್ತು ದಪ್ಪವನ್ನು ಇಂಚಿನಲ್ಲೂ ಉದ್ದವನ್ನು ಅಡಿಯಲ್ಲೂ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಅದು ದೊರೆಯುತ್ತದೆ. ಮೂರು ಇಂಚು ಚೌಕದ, ಎರಡೂವರೆ ಅಡಿ ಎತ್ತರದ ನಾಲ್ಕು ಕಾಲುಗಳಿಂದ 0.63, ಆರು ಇಂಚು ಅಗಲ, ಒಂದೂವರೆ ಇಂಚು ದಪ್ಪ, ಆರೂವರೆ ಅಡಿ ಉದ್ದದ ಎರಡು ಪಕ್ಕಪಟ್ಟಿಗಳಿಂದ 0.81, ಅದೇ ಅಗಲ, ಅದೇ ದಪ್ಪದ, ನಾಲ್ಕಡಿ ಉದ್ದದ ಎರಡು ಅಡ್ಡಪಟ್ಟಿಗಳಿಂದ 0.50, ತಲೆದೆಸೆಯ ಹಲಗೆಯಿಂದ 0.50; ಮಲಗುವ ಮುಕ್ಕಾಲು ಇಂಚಿನ ಹಲಗೆಗಳಿಂದ 1.62. ಒಟ್ಟು ನಾಲ್ಕು ಘನ ಅಡಿಗಿಂತ ತುಸು ಹೆಚ್ಚು. ಮೊಳೆಯ ತೂತು, ಗೂಟದ ಕಂಡಿ, ಕೊಯ್ಯುವಾಗಿನ ಪುಡಿ ಎಂದು ಕಾಲು ಭಾಗ ಕಳೆದರೂ ಮೂರು ಘನ ಅಡಿ ಉಳಿಯುತ್ತದೆ. ಘನ ಅಡಿಗೆ 2,500 ಎಂದು ಹಿಡಿದರೆ 7,500 ರೂಪಾಯಿ. ಹೀಗೆ 5,500 ರೂಪಾಯಿ ಮನೆಯ ಹೊಸ್ತಿಲು ದಾಟಿತು, ಅದೂ ಗುಜರಿಯವನಿಗೆ ಹೊರಲು ಕೈಕೊಟ್ಟು, ಚಹಾ ಕುಡಿಸಿ.

ಅದರ ಜಾಗಕ್ಕೆ ಬಂದ ಪಾರ್ಟಿಕಲ್ ಬೋರ್ಡ್ ಮಂಚ ಮರದ ಚೂರುಗಳನ್ನು ರಾಸಾಯನಿಕ ಅಂಟಿನಲ್ಲಿ ಒತ್ತಿ, ಮೇಲೆ ಮರದ ಚಿತ್ರದ ಹಾಳೆ ಮೆತ್ತಿದ ವಸ್ತು. ಇದನ್ನು ಪೀಠೋಪಕರಣ ಎನ್ನುವುದಕ್ಕಿಂತ ದಪ್ಪ ರಟ್ಟು ಎನ್ನುವುದೇ ಸರಿ. ಅಂಚಿನಲ್ಲಿ ನೀರು ಹೊಕ್ಕರೆ ಚೂರುಗಳು ಉಬ್ಬುತ್ತವೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ, ತಿರುಪು ಹಿಡಿತ ಬಿಡುತ್ತದೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಶಿವಮೊಗ್ಗದಲ್ಲಿ ನೆಲ ಒರೆಸಿದ ನೀರೇ ಅದಕ್ಕೆ ಸಾಕಾಯಿತು. ಮೂರನೆಯ ಮಳೆಗಾಲಕ್ಕೆ ಬುಡ ಬಿರಿಯಿತು, ಗುಜರಿಯವನು ಕಬ್ಬಿಣದ ಕೀಲುಗಳನ್ನಷ್ಟೇ ಒಯ್ದ.

ಕೊಂಡ ಬಗೆ ಇನ್ನೂ ಕೆಟ್ಟದ್ದು. ‘ಬಡ್ಡಿರಹಿತ ಕಂತು’ ಎಂಬ ಹೆಸರಿನಲ್ಲಿ ತಿಂಗಳಿಗೆ 1,200ರಂತೆ ಹನ್ನೆರಡು ತಿಂಗಳು ಕಟ್ಟಿದ್ದು 14,400. ನಗದು ಕೊಟ್ಟಿದ್ದರೆ ಅದೇ ಮಂಚ 13,100ಕ್ಕೆ ಸಿಗುತ್ತಿತ್ತು. ಅಸಲು ತಿಂಗಳು ತಿಂಗಳೂ ಕರಗುವುದರಿಂದ ಈ 1,300 ವರ್ಷಕ್ಕೆ ಸುಮಾರು ಶೇ 18ರ ಬಡ್ಡಿಗೆ ಸಮ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು; ಹೆಸರು ಬದಲಾಯಿತೇ ಹೊರತು ಸರಕು ಬದಲಾಗಲಿಲ್ಲ.

ಮರವನ್ನು ಅಗ್ಗವೆಂದು ಭಾವಿಸುವುದು ಈ ಸೀಮೆಯ ಹಳೆಯ ಚಾಳಿಯೂ ಇರಬಹುದು: 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಕಾಡನ್ನೇ ಇದ್ದಿಲು ಮಾಡಿ ಅದಿರು ಕರಗಿಸಿತ್ತು. ಆದರೆ ಹಬ್ಬಕ್ಕೆ ಮುನ್ನ ಮನೆ ಹಸನು ಮಾಡುವ ಉತ್ಸಾಹದಲ್ಲಿ, ಮಾರುವ ವಸ್ತುವಿಗೆ ಒಮ್ಮೆಯೂ ಟೇಪು ಹಿಡಿಯದೆ, ಕೊಳ್ಳುವ ವಸ್ತುವಿಗೆ ಮಾತ್ರ ನಾಲ್ಕು ಅಂಗಡಿ ಸುತ್ತುವ ಅಭ್ಯಾಸಕ್ಕೆ ಕಾರ್ಖಾನೆಯನ್ನು ದೂರಿ ಫಲವಿಲ್ಲ.

ಆ ಮಂಚದ ಜೊತೆಯ ಬೀರು ಉಳಿದದ್ದು ಜಾಣತನದಿಂದಲ್ಲ, ಮೆಟ್ಟಿಲ ತಿರುವಿನಲ್ಲಿ ಇಳಿಯದ ಕಾರಣದಿಂದ. 2022ರಲ್ಲಿ ಆಚಾರಿಯೊಬ್ಬರು ಮೂರು ದಿನದ ಕೂಲಿ 3,600, ಪಾಲಿಶ್ ಮತ್ತು ತಿರುಪಿಗೆ 900 ಪಡೆದು ಅದರ ಎರಡು ಬಾಗಿಲುಗಳನ್ನು ಓದುವ ಮೇಜಾಗಿಸಿದರು, ಒಳಹಲಗೆಗಳನ್ನು ಪುಸ್ತಕದ ಗೂಡಾಗಿಸಿದರು. ಉಳಿ ತಾಗಿದಲ್ಲೆಲ್ಲ ಹೊಸ ತೇಗದ ಎಣ್ಣೆವಾಸನೆಯೇ ಎದ್ದಿತು. ಬೀಗದ ಕೈ ಹಾಕುತ್ತಿದ್ದ ತೂತು ಮೇಜಿನ ಎಡಮೂಲೆಯಲ್ಲಿ ಹಾಗೇ ಇದೆ. ಬಿರಡೆ ಹೊಡೆದು ಮುಚ್ಚಲು ಅವರು ಕೇಳಿದ 150 ರೂಪಾಯಿಯನ್ನು ಅಂಕಣಕಾರ ಕೊಡಲಿಲ್ಲ, ಈಗ ದೀಪದ ವೈರು ಅದರ ಮೂಲಕವೇ ಕೆಳಗಿಳಿಯುತ್ತದೆ.